ದೊಡ್ಡ ಮೀನಿಗೆ ಆಳದ ನೀರೇ ಬೇಕಿಲ್ಲ

ಅಲಾಸ್ಕದ ಹ್ಯಾಲಿಬಟ್ ಮೀನಿನ ಬಗ್ಗೆ ಒಂದು ಹಟಮಾರಿ ನಂಬಿಕೆ ಇದೆ. ಆಳ ಹೆಚ್ಚಿದಷ್ಟೂ ಮೀನು ದೊಡ್ಡದು, ಆದ್ದರಿಂದ ದಡ ಕಣ್ಣಿಗೆ ಕಾಣದಷ್ಟು ದೂರ ಹೋಗಿ, ನೂರು ಮೀಟರ್ ಆಳಕ್ಕೆ ಗಾಳದ ಸೀಸದ ಗುಂಡು ಇಳಿಬಿಟ್ಟವನಿಗಷ್ಟೇ ದೈತ್ಯ ಸಿಗುತ್ತದೆ ಎಂದು. ಚಳಿಗಾಲದ ಮಟ್ಟಿಗೆ ಇದು ಸರಿ. ಬೇಸಿಗೆಗೆ ಇದೇ ಮಾತು ಹೇಳುವವರು ಮೀನಿನ ಹೊಟ್ಟೆಯ ಲೆಕ್ಕ ಮರೆತಿದ್ದಾರೆ. ಜುಲೈ, ಆಗಸ್ಟ್ ತಿಂಗಳಲ್ಲಿ ಐವತ್ತು ಕಿಲೋ ದಾಟಿದ ಹ್ಯಾಲಿಬಟ್ ಹತ್ತು–ಹದಿನೈದು ಮೀಟರ್ ನೀರಿನಲ್ಲಿ, ತೊರೆಯೊಂದು ಸಮುದ್ರ ಸೇರುವ ಬಾಯಲ್ಲಿ, ದಡದ ಮರಗಳನ್ನು ಎಣಿಸಬಹುದಾದಷ್ಟು ಹತ್ತಿರದಲ್ಲಿ ಮಲಗಿರುತ್ತದೆ.

ಪೆಸಿಫಿಕ್ ಹ್ಯಾಲಿಬಟ್ ಚಪ್ಪಟೆ ಮೀನುಗಳ ಕುಲದ್ದು. ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಕರಾವಳಿಯ ಮಾರುಕಟ್ಟೆಗೆ ಬರುವ ನಂಗು ಮೀನಿಗೆ ದೂರದ ನೆಂಟ. ನಂಗು ಅಂಗೈಗೆ ಸಿಗುವಷ್ಟಿದ್ದರೆ, ಹ್ಯಾಲಿಬಟ್ ಎರಡೂವರೆ ಮೀಟರ್ ಉದ್ದ, ಇನ್ನೂರು ಕಿಲೋ ತೂಕ ದಾಟಿ ಬೆಳೆಯಬಲ್ಲದು. 1996ರಲ್ಲಿ ಉನಲಾಸ್ಕ ಕೊಲ್ಲಿಯಲ್ಲಿ ಗಾಳಕ್ಕೆ ಸಿಕ್ಕಿದ್ದು 208 ಕಿಲೋ ತೂಗಿತು. ಹವ್ಯಾಸಿಗಳ ಗಾಳದಲ್ಲಿ ಅಲಾಸ್ಕದ ದಾಖಲೆ ಅದು. ಇಂಥ ದೈತ್ಯರೆಲ್ಲ ಹೆಣ್ಣುಗಳೇ. ಗಂಡು ಹ್ಯಾಲಿಬಟ್ ಐವತ್ತು ಕಿಲೋ ಮುಟ್ಟುವುದೇ ಅಪರೂಪ.

ನವೆಂಬರ್‌ನಿಂದ ಮಾರ್ಚ್‌ವರೆಗೆ ಈ ಮೀನುಗಳು ಭೂಖಂಡದ ಅಂಚು ಕುಸಿಯುವಲ್ಲಿ, 180ರಿಂದ 500 ಮೀಟರ್ ಆಳದಲ್ಲಿ ಮೊಟ್ಟೆಯಿಡುತ್ತವೆ. ಅದು ಮುಗಿದ ಮೇಲೆ ಹಸಿವು. ಬೇಸಿಗೆಯ ಉದ್ದುದ್ದ ಹಗಲಿನಲ್ಲಿ ಬಿಸಿಲು ತಳದವರೆಗೆ ಮುಟ್ಟುವ, ಉಬ್ಬರ-ಇಳಿತ ನೀರನ್ನು ಕಡೆಯುತ್ತಲೇ ಇರುವ ತೆಳು ನೀರಿನಲ್ಲಿ ಸೂಕ್ಷ್ಮ ಸಸ್ಯ ಚಿಗುರುತ್ತದೆ. ಅದನ್ನು ತಿನ್ನುವ ಕಣಜೀವಿಗಳು, ಅವನ್ನು ತಿನ್ನುವ ಹೆರಿಂಗ್ ಮತ್ತು ಮರಳುಮೀನು, ಅವುಗಳ ಬೆನ್ನಿಗೆ ಸಾಲ್ಮನ್ ಬರುತ್ತವೆ. ಸಾಲ್ಮನ್ ತೊರೆ ಹತ್ತಿ ಮೊಟ್ಟೆಯಿಟ್ಟು ಸತ್ತ ಮೇಲೆ ಕಳೇಬರಗಳು ಹರಿವಿನೊಂದಿಗೆ ಮತ್ತೆ ಸಮುದ್ರಕ್ಕೆ ಜಾರುತ್ತವೆ. ತೊರೆಯ ಬಾಯಲ್ಲಿ ಕಾಯುವ ಹ್ಯಾಲಿಬಟ್‌ಗೆ ಓಡಾಟದ ಖರ್ಚಿಲ್ಲದ ಊಟ. ಸಾಲ್ಮನ್ ಬಂದ ವಾರವನ್ನೂ ಹ್ಯಾಲಿಬಟ್ ಬರುವ ವಾರವನ್ನೂ ಬೇರೆ ಬೇರೆ ನೋಡುವವರು ಅರ್ಧ ಮಾತ್ರ ನೋಡುತ್ತಿದ್ದಾರೆ.

ಮುನ್ನೂರು ಮೀಟರ್ ಆಳದ ಪ್ರಾಣಿ ಹತ್ತು ಮೀಟರ್‌ಗೆ ಬಂದರೆ ಒತ್ತಡದ ವ್ಯತ್ಯಾಸ ಅದನ್ನು ಕೊಲ್ಲುವುದಿಲ್ಲವೇ? ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಬಂಡೆಮೀನುಗಳನ್ನು ನಲವತ್ತು ಮೀಟರ್‌ನಿಂದ ಸರ್ರನೆ ಎಳೆದರೆ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬಿ, ಕಣ್ಣು ಹೊರಬಂದು, ಬಿಟ್ಟರೂ ಮುಳುಗಲಾರದೆ ತೇಲುತ್ತವೆ. ಬೆಳೆದ ಹ್ಯಾಲಿಬಟ್‌ಗೆ ಗಾಳಿಚೀಲವೇ ಇಲ್ಲ, ಹಿಗ್ಗಲು ಗಾಳಿಯೇ ಇಲ್ಲ. ಹಾಗಾಗಿ ಆಳ ಅದಕ್ಕೆ ಗಡಿಯಲ್ಲ. ಹಿಡಿದ ಹ್ಯಾಲಿಬಟ್ಟನ್ನು ಜೋಪಾನವಾಗಿ ಬಿಟ್ಟರೆ ಬದುಕುವ ಸಾಧ್ಯತೆ ಚೆನ್ನಾಗಿರುವುದಕ್ಕೂ ಇದೇ ಮುಖ್ಯ ಕಾರಣ.

ಇದರ ಕಣ್ಣಿನ ಕತೆ ಹೇಳದೆ ಮುಂದೆ ಹೋಗಲಾಗದು. ಮರಿ ಹುಟ್ಟುವಾಗ ಎಲ್ಲ ಮೀನಿನಂತೆ ನೆಟ್ಟಗೆ ಈಜುತ್ತದೆ, ಬದಿಗೊಂದು ಕಣ್ಣು. ಒಂದಿಂಚು ಉದ್ದವಾಗುವ ಹೊತ್ತಿಗೆ ತಲೆಬುರುಡೆ ತಿರುಚಿಕೊಂಡು ಎಡಗಣ್ಣು ಬಲಬದಿಗೆ ಬಂದುಬಿಡುತ್ತದೆ. ಎಡಬದಿ ಬೆಳ್ಳಗಾಗಿ ಹೊಟ್ಟೆಯಂತೆ ತಳಕ್ಕೆ ಅಂಟುತ್ತದೆ. 1871ರಲ್ಲಿ ಜೀವಶಾಸ್ತ್ರಜ್ಞ ಸೇಂಟ್ ಜಾರ್ಜ್ ಮೈವಾರ್ಟ್ ಇದನ್ನೇ ಹಿಡಿದು ಡಾರ್ವಿನ್ನನನ್ನು ಪ್ರಶ್ನಿಸಿದ: ಅರ್ಧ ದಾರಿ ಸರಿದ ಕಣ್ಣಿನಿಂದ ಯಾವ ಮೀನಿಗೆ ಏನು ಲಾಭ? ಡಾರ್ವಿನ್ ಮರುವರ್ಷವೇ ಉತ್ತರಿಸಿದ, ಆದರೆ ತಳದಲ್ಲಿ ಮಲಗಿದ ಮರಿ ಕಣ್ಣನ್ನು ಮೇಲಕ್ಕೆ ತಿರುಗಿಸಲು ಹೆಣಗಿದ್ದರ ಫಲ ಪೀಳಿಗೆಗೆ ದಾಟಿತೆಂಬ ದುರ್ಬಲ ವಾದಕ್ಕೆ ಆತುಕೊಂಡ. ಗಟ್ಟಿ ಸಾಕ್ಷ್ಯ ಬಂದದ್ದು 2008ರಲ್ಲಿ. ಸುಮಾರು ಐದು ಕೋಟಿ ವರ್ಷ ಹಳೆಯ ಆಂಫಿಸ್ಟಿಯಂ ಮತ್ತು ಹೆಟರೊನೆಕ್ಟಿಸ್ ಎಂಬ ಪಳೆಯುಳಿಕೆಗಳಲ್ಲಿ ಕಣ್ಣು ನಿಜಕ್ಕೂ ಅರ್ಧ ದಾರಿಯಲ್ಲೇ ಇದೆ ಎಂದು ಪಳೆಯುಳಿಕೆ ವಿಜ್ಞಾನಿ ಮ್ಯಾಟ್ ಫ್ರೀಡ್‌ಮನ್ ತೋರಿಸಿಕೊಟ್ಟರು. ಗಾಳ ಹಾಕುವವರಿಗೆ ಇದರಲ್ಲಿ ಕೆಲಸಕ್ಕೆ ಬರುವ ವಿಷಯವಿದೆ: ಎರಡೂ ಕಣ್ಣು ಮೇಲಕ್ಕೇ ನೋಡುವ ಮೀನಿಗೆ ಎರೆ ತಳದಿಂದ ಒಂದು ಗೇಣಿನಿಂದ ಒಂದು ಮೊಳ ಮೇಲಿರಬೇಕು. ತಳದಲ್ಲೇ ಬಿದ್ದಿದ್ದರೆ ಮೊದಲು ಏಡಿ, ನಕ್ಷತ್ರಮೀನುಗಳ ಪಾಲು.

ಇನ್ನು ಹರಿವು. ತೆಳು ನೀರಿನ ನಿಜವಾದ ಅನುಕೂಲ ಇಲ್ಲಿದೆ, ಆದರೆ ಇದನ್ನು ಲೆಕ್ಕ ಹಾಕಿ ನೋಡುವವರು ಕಡಿಮೆ. ಸೀಸದ ಗುಂಡು ತಳ ಮುಟ್ಟದೇ ಇದ್ದಾಗ ಎಲ್ಲರೂ ಗುಂಡನ್ನೇ ಬೈಯುತ್ತಾರೆ. ತೊಂದರೆ ಇರುವುದು ದಾರದಲ್ಲಿ. ಗಾಳಿಪಟದ ದಾರ ಗಾಳಿಗೆ ಜೋತುಬಿದ್ದು ಬಾಗುವಂತೆ ಗಾಳದ ದಾರವನ್ನು ನೀರು ತಳ್ಳುತ್ತದೆ. ಈ ತಳ್ಳಾಟ ದಾರದ ದಪ್ಪಕ್ಕೆ ತಕ್ಕಂತೆ, ಉದ್ದಕ್ಕೆ ತಕ್ಕಂತೆ, ಹರಿವಿನ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 36 ಕಿಲೋ ತಾಳುವ ಹೆಣೆದ ದಾರದ ದಪ್ಪ ಸುಮಾರು 0.4 ಮಿಲಿಮೀಟರ್. ಸೆಕೆಂಡಿಗೆ ಒಂದು ಮೀಟರ್, ಅಂದರೆ ಸುಮಾರು ಎರಡು ನಾಟ್ ಹರಿವಿನಲ್ಲಿ ಅದರ ಒಂದೊಂದು ಮೀಟರನ್ನೂ ನೀರು 25 ಗ್ರಾಂ ಬಲದಿಂದ ತಳ್ಳುತ್ತದೆ. 12 ಮೀಟರ್ ಆಳದಲ್ಲಿ ಒಟ್ಟು 300 ಗ್ರಾಂ. 60 ಮೀಟರ್‌ನಲ್ಲಿ ಒಂದೂವರೆ ಕಿಲೋ. 450 ಗ್ರಾಂ ಸೀಸ ನೀರಿನೊಳಗೆ ತೂಗುವುದು 410 ಗ್ರಾಂ. ಅದನ್ನು ಕಟ್ಟಿದ ದಾರ 12 ಮೀಟರ್‌ನಲ್ಲಿ ಲಂಬದಿಂದ ಸುಮಾರು 20 ಡಿಗ್ರಿ ವಾಲುತ್ತದೆ, ಎರೆ ಎಲ್ಲಿದೆಯೆಂದು ಕೈಗೆ ತಿಳಿಯುತ್ತದೆ. ಅದೇ ಸೀಸ 60 ಮೀಟರ್‌ನಲ್ಲಿ 60 ಡಿಗ್ರಿ ವಾಲಿ ತಳದಿಂದ ಎಷ್ಟೋ ಮೇಲೆ ತೇಲುತ್ತಿರುತ್ತದೆ. ಅಲ್ಲೂ 20 ಡಿಗ್ರಿ ಉಳಿಸಿಕೊಳ್ಳಲು ಎರಡು ಕಿಲೋಗಿಂತ ಹೆಚ್ಚು ಸೀಸ ಬೇಕು. ಅಷ್ಟನ್ನು ದಿನವಿಡೀ ಏರಿಸಿ ಇಳಿಸಿದವರ ತೋಳಿಗೆ ಸಣ್ಣ ಎಳೆತ ತಿಳಿಯುವುದೇ ಇಲ್ಲ. ಅಷ್ಟೇ ಬಲದ ನೈಲಾನ್ ಒಂಟಿ ಎಳೆ ಬಳಸಿದರಂತೂ ದಪ್ಪ ಎರಡು ಪಟ್ಟಿಗೂ ಮೇಲೆ, ತಳ್ಳಾಟವೂ ಅಷ್ಟೇ ಪಟ್ಟು.

ವೇಗದ ವರ್ಗ ಎಂದೆನಲ್ಲ, ಆಟದ ಮುಖ್ಯ ಸೂತ್ರ ಅದೇ. ಹರಿವು ಅರ್ಧಕ್ಕಿಳಿದರೆ ತಳ್ಳಾಟ ಕಾಲು ಭಾಗವಾಗುತ್ತದೆ. ಹಾಗಾಗಿ ಉಬ್ಬರ ಮುಗಿದು ಇಳಿತ ಶುರುವಾಗುವ ಮುನ್ನ ನೀರು ನಿಲ್ಲುವ ಹೊತ್ತು, ಅದರ ಹಿಂದು ಮುಂದಿನ ಒಂದೊಂದು ಗಂಟೆ ಬಂಗಾರ. ನಮ್ಮ ಕರಾವಳಿಯಲ್ಲಿ ಉಬ್ಬರ-ಇಳಿತದ ಅಂತರ ಒಂದೂವರೆ–ಎರಡು ಮೀಟರ್. ಅಲಾಸ್ಕದ ಕುಕ್ ಇನ್ಲೆಟ್ ಎಂಬ ಉದ್ದನೆಯ ಕೊಲ್ಲಿಯ ತುದಿಯಲ್ಲಿರುವ ಆಂಕರೇಜ್ ಬಳಿ ಅದು ಎಂಟು–ಒಂಬತ್ತು ಮೀಟರ್. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನ ನೀರು ನದಿಯಂತೆ ಓಡುತ್ತದೆ. ಅಷ್ಟಮಿ ಕಳೆದ ಒಂದೆರಡು ದಿನ ಸೌಮ್ಯವಾಗಿ, ಹೆಚ್ಚು ಹೊತ್ತು ನಿಲ್ಲುತ್ತದೆ. ಹ್ಯಾಲಿಬಟ್‌ಗೆ ಅಷ್ಟಮಿಯ ಆಸುಪಾಸೇ ಸರಿ. ಚಂದ್ರನ ಪ್ರಭಾವ ಇಷ್ಟೇ, ನೀರಿನ ಮೂಲಕ. ಚಂದ್ರ ನೆತ್ತಿಗೆ ಬಂದ ನಿಮಿಷಕ್ಕೆ ಮೀನಿಗೆ ಹಸಿವಾಗುತ್ತದೆಂದು ಕೋಷ್ಟಕ ಮಾರುವವರನ್ನೂ, ದೋಣಿಯಲ್ಲಿ ಬಾಳೆಹಣ್ಣಿದ್ದರೆ ಮೀನು ಕಚ್ಚದು ಎಂದು ಹಣ್ಣನ್ನು ನೀರಿಗೆಸೆಯುವವರನ್ನೂ ನಂಬಬೇಕಿಲ್ಲ. ಹಣ್ಣು ತಿಂದ ಕೈಯನ್ನು ತೊಳೆದುಕೊಳ್ಳಿ, ಸಾಕು.

ಕೈ ತೊಳೆಯುವ ಮಾತು ಸಾಲ್ಮನ್‌ನ ಮಟ್ಟಿಗೆ ವಿಜ್ಞಾನವೇ. 1950ರ ದಶಕದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಇಸ್ಸಾಕ್ವಾ ತೊರೆಯಲ್ಲಿ ವಿಜ್ಞಾನಿ ಆರ್ಥರ್ ಹ್ಯಾಸ್ಲರ್ ಮತ್ತು ಸಂಗಡಿಗರು ಕೋಹೊ ಸಾಲ್ಮನ್‌ಗಳ ಮೂಗಿನ ಹೊಳ್ಳೆ ಮುಚ್ಚಿ ಬಿಟ್ಟಾಗ ಅವು ತಮ್ಮ ಕವಲು ತಪ್ಪಿದವು. ಹುಟ್ಟಿದ ತೊರೆಯನ್ನು ಅವು ವಾಸನೆಯಿಂದ ಗುರುತಿಸುತ್ತವೆ ಎಂಬುದಕ್ಕೆ ಬಲ ಬಂತು. ಅದೇ ದಶಕದಲ್ಲಿ ವ್ಯಾಂಕೂವರ್ ದ್ವೀಪದಲ್ಲಿ, ಸಾಲ್ಮನ್ ಹತ್ತುವ ಮೆಟ್ಟಿಲಿನ ಮೇಲ್ಭಾಗದ ನೀರಲ್ಲಿ ಮನುಷ್ಯನ ಕೈ ಅಥವಾ ಕರಡಿಯ ಪಂಜ ಅದ್ದಿದರೆ ಕೆಳಗಿನ ಮೀನುಗಳು ಹತ್ತುವುದನ್ನೇ ನಿಲ್ಲಿಸುತ್ತಿದ್ದವು. ಸಸ್ತನಿಗಳ ಚರ್ಮದಲ್ಲಿರುವ ಸೆರೀನ್ ಎಂಬ ಅಮೈನೊ ಆಮ್ಲದ ಮೇಲೆ ಸಂಶಯ ಹೋಯಿತು. ಎರೆ ಮುಟ್ಟುವಾಗ ಕೈಗವಸು ಹಾಕುವುದಕ್ಕೆ ಹಿನ್ನೆಲೆ ಇದು.

ಕುಕ್ ಇನ್ಲೆಟ್‌ನ ಕೆಳಭಾಗದಲ್ಲಿ, ಆಂಕರ್ ಪಾಯಿಂಟ್, ಡೀಪ್ ಕ್ರೀಕ್ ಕಡೆ, ಬಂದರಿಲ್ಲದ ಕಡಲತೀರದಿಂದ ಟ್ರ್ಯಾಕ್ಟರುಗಳು ದೋಣಿಗಳನ್ನು ನೀರಿಗೆ ತಳ್ಳುತ್ತವೆ. ಕಿಂಗ್ ಸಾಲ್ಮನ್ ಅಲ್ಲಿ ದಡಕ್ಕೆ ಅಂಟಿಕೊಂಡು, ಐದರಿಂದ ಹನ್ನೆರಡು ಮೀಟರ್ ನೀರಿನಲ್ಲಿ ಸಾಗುತ್ತದೆ. ಎರಡು ನಾಟ್ ವೇಗದಲ್ಲಿ ಹರಿವಿನ ದಿಕ್ಕಿಗೇ ದೋಣಿ ಓಡಿಸುತ್ತ ಹಿಂದೆ ಹೆರಿಂಗ್ ಎಳೆಯುವುದು ರೂಢಿ. ಹೆರಿಂಗ್ ಮೆತ್ತಗಿದ್ದರೆ ಹತ್ತು ನಿಮಿಷಕ್ಕೆ ಗಾಳದಿಂದ ಕಿತ್ತುಹೋಗುತ್ತದೆ. ನಾಲ್ಕು ಲೀಟರ್ ನೀರಿಗೆ ಒಂದು ಕಿಲೋದಷ್ಟು ಅಯೋಡಿನ್ ಇಲ್ಲದ ಕಲ್ಲುಪ್ಪು ಕರಗಿಸಿ, ರಾತ್ರಿಯಿಡೀ ತಣ್ಣಗೆ ಅದರಲ್ಲಿ ಮುಳುಗಿಸಿಡಬೇಕು. ಉಪ್ಪು ಮಾಂಸದ ನೀರನ್ನು ಹೊರಗೆಳೆದು ಗಟ್ಟಿ ಮಾಡುತ್ತದೆ. ಬೆಳಗ್ಗೆ ಚೂಪು ಚಾಕುವಿನಿಂದ ಕಿವಿರಿನ ಹಿಂದೆ ಎರಡು ದಿಕ್ಕಿಗೂ ಓರೆಯಾಗಿ ತಲೆ ಕತ್ತರಿಸಿ, ಕರುಳು ತೆಗೆದು, ಎರಡು ಗಾಳ ಚುಚ್ಚಿದರೆ ಅದು ನೀರಿನಲ್ಲಿ ಗಾಯಗೊಂಡ ಮೀನಿನಂತೆ ಸುರುಳಿ ಸುತ್ತುತ್ತದೆ. ಮೊಂಡು ಚಾಕುವಿನ ಹರಕು ಅಂಚಿದ್ದರೆ ಸುತ್ತುವುದಿಲ್ಲ. ದೋಣಿಯ ಪಕ್ಕದಲ್ಲೇ ಒಮ್ಮೆ ನೀರಿಗೆ ಬಿಟ್ಟು ನೋಡದೆ ದಾರ ಇಳಿಸಬೇಡಿ. ಇದೇ ಎರೆ ತಳದ ಹತ್ತಿರ ಹೋದರೆ ಹ್ಯಾಲಿಬಟ್ ಕೂಡ ಕಚ್ಚುತ್ತದೆ. ಕಿಂಗ್ ಸಾಲ್ಮನ್ ಈಚೆಗೆ ಕಡಿಮೆಯಾಗಿ ಎಷ್ಟೋ ಕಡೆ ನಿಷೇಧ ಬೀಳುತ್ತಿದೆ. ಆ ವಾರದ ಆದೇಶ ಓದದೆ ಗಾಳ ಹಾಕುವುದು ತಪ್ಪು.

ಹ್ಯಾಲಿಬಟ್‌ಗೆ ಲಂಗರು ಹಾಕಿ ಕಾಯುವುದು ಉತ್ತಮ. ಸಾಲ್ಮನ್ ತಲೆ, ಆಕ್ಟೊಪಸ್ ತುಂಡಿನ ವಾಸನೆ ಹರಿವಿನ ಕೆಳಗೆ ಪಟ್ಟಿಯಂತೆ ಹಬ್ಬುತ್ತದೆ, ಮೀನು ಅದರ ಜಾಡು ಹಿಡಿದು ಹರಿವಿಗೆ ಎದುರಾಗಿ ಬರುತ್ತದೆ. ದೋಣಿ ಅತ್ತಿತ್ತ ಅಲೆದರೆ ಜಾಡು ಹರಿದುಹೋಗುತ್ತದೆ. ಗಾಳ 16/0 ಎಂಬ ದೊಡ್ಡ ಅಳತೆಯ ದುಂಡು ಗಾಳವಾಗಿರಲಿ. ಅದರ ಮೊನೆ ಒಳಕ್ಕೆ, ಗಾಳದ ಕಾಲಿನ ಕಡೆಗೇ ತಿರುಗಿರುತ್ತದೆ. ಮೀನು ಎರೆ ನುಂಗಿ ತಿರುಗಿ ಹೊರಟಾಗ ಗಾಳ ಗಂಟಲಿನಿಂದ ಜಾರಿ ಬಂದು ದವಡೆಯ ಮೂಲೆಗೆ ತಾಗಿ, ಅಲ್ಲಿ ತಿರುಗಿ ತಾನಾಗಿ ಕಚ್ಚಿಕೊಳ್ಳುತ್ತದೆ. ಕೋಲನ್ನು ಝಾಡಿಸಿ ಎಳೆದರೆ ಜಾರಿ ಪೂರ್ತಿ ಹೊರಗೇ ಬರುತ್ತದೆ. ಕೋಲು ಬಾಗುವವರೆಗೆ ತಾಳಿ, ನಿಧಾನವಾಗಿ ರೀಲ್ ಸುತ್ತಬೇಕು ಅಷ್ಟೇ. ಎರೆಯನ್ನು ಒಂದೇ ಕಡೆ ಚುಚ್ಚಿ, ಗಾಳದ ಬಾಯಿ ತೆರೆದಿರುವಂತೆ ಬಿಡಿ. ಬಾಯಿ ತುಂಬ ಎರೆ ತುರುಕುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು.

ವೃತ್ತಿ ಮೀನುಗಾರರು ದುಂಡು ಗಾಳಕ್ಕೆ ಬದಲಾದದ್ದು 1980ರ ದಶಕದ ಆರಂಭದಲ್ಲಿ. ಆ ತೀರದ ಮೂಲನಿವಾಸಿಗಳಿಗೆ ಒಳಮುಖ ಮೊನೆಯ ತತ್ವ ಅದಕ್ಕೂ ಬಹಳ ಹಿಂದೆ ಗೊತ್ತಿತ್ತು. ದಕ್ಷಿಣಕ್ಕೆ ವಾಷಿಂಗ್ಟನ್ ರಾಜ್ಯದ ತೀರದ ಮಕಾ ಜನ ಮರದ ಕಡ್ಡಿಯನ್ನು ಕಡಲಪಾಚಿಯ ಟೊಳ್ಳು ಬುರುಡೆಯೊಳಗಿಟ್ಟು ಬಿಸಿಬೂದಿಯಲ್ಲಿ ಬೇಯಿಸಿ, ಮೆತ್ತಗಾದ ಮೇಲೆ ಬಾಗಿಸುತ್ತಿದ್ದರು. ಅಲಾಸ್ಕದ ಟ್ಲಿಂಗಿಟ್ ಜನ ಒಂದು ಹಗುರ, ಒಂದು ಭಾರದ ಮರದ ತುಂಡನ್ನು ಕೋನಾಕಾರದಲ್ಲಿ ಬಿಗಿದು ಮೂಳೆಯ ಮುಳ್ಳು ಕಟ್ಟುತ್ತಿದ್ದರು. ಆ ಎರಡು ತುಂಡುಗಳ ನಡುವಿನ ಅಂತರವೇ ಜರಡಿ: ತೀರಾ ಸಣ್ಣ ಮೀನಿನ ಬಾಯಿಗೆ ಹಿಡಿಸದು, ತೀರಾ ದೊಡ್ಡದರ ದವಡೆ ಒಳಗೆ ತೂರದು. ಅಮೆರಿಕ ಮತ್ತು ಕೆನಡ ಸೇರಿ ಹ್ಯಾಲಿಬಟ್ ಉಳಿಸಲು ಒಪ್ಪಂದ ಮಾಡಿಕೊಂಡದ್ದು 1923ರಲ್ಲಿ. ಮೊಟ್ಟೆಯಿಡುವ ದೊಡ್ಡ ತಾಯಿಮೀನನ್ನು ಬಿಟ್ಟುಬಿಡುವ ಏರ್ಪಾಡು ಈ ಗಾಳದಲ್ಲಿ ಮೊದಲೇ ಇತ್ತು.

ತೆಳು ನೀರಿನ ಅಪಾಯವನ್ನೂ ಹೇಳಬೇಕು. ನೂರು ಮೀಟರ್‌ನಿಂದ ಎಳೆದ ಮೀನು ಮೇಲೆ ಬರುವಷ್ಟರಲ್ಲಿ ದಣಿದಿರುತ್ತದೆ. ಹತ್ತು ಮೀಟರ್‌ನಿಂದ ಎಳೆದದ್ದು ಒಂದೆರಡು ನಿಮಿಷಕ್ಕೇ ದೋಣಿಯ ಪಕ್ಕ ಬರುತ್ತದೆ, ಒಂದಿಷ್ಟೂ ದಣಿಯದೆ. ಕೆಳಕ್ಕೆ ಹೋಗಲು ಜಾಗವಿಲ್ಲದೆ ಅಡ್ಡಕ್ಕೆ ಓಡುತ್ತದೆ, ಆದ್ದರಿಂದ ರೀಲಿನಲ್ಲಿ 250 ಮೀಟರ್ ದಾರವಾದರೂ ಇರಲಿ. ಲಂಗರಿನ ಹಗ್ಗದ ತುದಿಗೆ ತೇಲುಬುರುಡೆ ಕಟ್ಟಿಟ್ಟಿದ್ದರೆ ಅದನ್ನು ಹಾಗೇ ನೀರಿಗೆ ಬಿಟ್ಟು ಮೀನಿನ ಹಿಂದೆ ಹೋಗಬಹುದು. ಲಂಗರನ್ನು ಯಾವಾಗಲೂ ದೋಣಿಯ ಮೂತಿಗೇ ಕಟ್ಟಿ. ಹಿಂಭಾಗಕ್ಕೆ ಕಟ್ಟಿದರೆ ಬಲವಾದ ಹರಿವು ಹಿಂಭಾಗವನ್ನು ಕೆಳಗೆಳೆದು ನೀರು ನುಗ್ಗಿಸುತ್ತದೆ. ದೋಣಿಗಳು ಹೀಗೆ ಮುಳುಗಿವೆ. ಮೀನಿನ ತಲೆಯನ್ನು ಸಿದ್ಧತೆಯಿಲ್ಲದೆ ನೀರಿನಿಂದ ಮೇಲೆತ್ತಬೇಡಿ. ಐವತ್ತು ಕಿಲೋ ಸ್ನಾಯು ಜೀವಂತವಾಗಿ ದೋಣಿಯೊಳಗೆ ಬಿದ್ದರೆ ಕಾಲು ಮುರಿಯುತ್ತದೆ.

ಇಟ್ಟುಕೊಳ್ಳುವುದೋ ಬಿಡುವುದೋ ಎಂಬುದನ್ನು ನೀರಿನಲ್ಲಿರುವಾಗಲೇ ತೀರ್ಮಾನಿಸಿ. ದೋಣಿಯ ಅಂಚಿನಲ್ಲಿ ಗುರುತು ಹಾಕಿಟ್ಟರೆ ಉದ್ದ ತಿಳಿಯುತ್ತದೆ: 152 ಸೆಂಟಿಮೀಟರ್ ಇದ್ದರೆ ಸುಮಾರು 50 ಕಿಲೋ, 203 ಇದ್ದರೆ ಸುಮಾರು 125 ಕಿಲೋ. ಅಷ್ಟು ದೊಡ್ಡದು ಒಂದು ಚಳಿಗಾಲದಲ್ಲಿ ಲಕ್ಷಾಂತರ ಮೊಟ್ಟೆಯಿಡುವ ಹೆಣ್ಣು. ಅದರ ಮಾಂಸದಲ್ಲಿ ಪಾದರಸವೂ ಹೆಚ್ಚು. ಗಾಳದ ಹತ್ತಿರ ದಾರ ಕತ್ತರಿಸಿ ಕಳಿಸುವುದೇ ಸರಿಯೆಂದು ನನ್ನ ಅಭಿಪ್ರಾಯ. ಹದಿನೈದು–ಇಪ್ಪತ್ತು ಕಿಲೋದ್ದು ಊಟಕ್ಕೆ ರುಚಿ. ಅದನ್ನು ಹಿಡಿದ ಕೂಡಲೆ ಕಿವಿರು ಕತ್ತರಿಸಿ ರಕ್ತ ಹರಿಸಿ, ಕರುಳು ತೆಗೆದು, ಹೊಟ್ಟೆಯೊಳಗೂ ಐಸ್ ತುಂಬಬೇಕು. ಬಹಳ ಹೊತ್ತು ಹೋರಾಡಿದ ಮೀನಿನ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿ, ತಣ್ಣಗಾಗುವುದು ತಡವಾದರೆ ಮಾಂಸ ಸೀಮೆಸುಣ್ಣದಂತೆ ಬಿಳಿಚಿ, ಬೇಯಿಸಿದಾಗ ಒಣಕಲಾಗುತ್ತದೆ.