ಸ್ಕ್ರೀನಿಂಗ್ ಪಾಠ, ಅಪ್ಪನ ರಿಪೋರ್ಟ್ ಮುಂದಿಟ್ಟುಕೊಂಡು

ಕಳೆದ ವರ್ಷ ಅಪ್ಪ ಒಂದು ಖಾಸಗಿ ಲ್ಯಾಬ್‌ನಲ್ಲಿ 'ಫುಲ್ ಬಾಡಿ ಚೆಕಪ್' ಮಾಡಿಸಿಕೊಂಡು ಬಂದರು. ಆಫರ್ ಇತ್ತಂತೆ. ರಿಪೋರ್ಟ್‌ನಲ್ಲಿ ಎರಡು ಸಂಖ್ಯೆ ದಪ್ಪಕ್ಷರದಲ್ಲಿದ್ದವು. ಯೂರಿಕ್ ಆಸಿಡ್ ಒಂಚೂರು ಜಾಸ್ತಿ, ಲಿವರ್‌ನ ಒಂದು ಎನ್‌ಜೈಮ್ ಒಂಚೂರು ಜಾಸ್ತಿ. ಎರಡು ದಿನ ಅಪ್ಪನಿಗೆ ಊಟ ಸೇರಲಿಲ್ಲ. ಅದೇ ವಾರ ನಮ್ಮ ನರ್ಸಿಂಗ್ ಕ್ಲಾಸಿನಲ್ಲಿ ಸ್ಕ್ರೀನಿಂಗ್ ಪಾಠ ಶುರುವಾಗಿತ್ತು. ಸ್ಕ್ರೀನಿಂಗ್ ಅಂದರೆ ಲಕ್ಷಣವೇ ಇಲ್ಲದವರಲ್ಲಿ ಕಾಯಿಲೆ ಹುಡುಕುವ ತಪಾಸಣೆ. ಪುಸ್ತಕದಲ್ಲಿ ಅರ್ಥವಾಗದ್ದು ಆ ರಿಪೋರ್ಟ್ ನೋಡಿದಾಗ ಅರ್ಥವಾಯಿತು. ಅದಕ್ಕೇ ಈ ಟಿಪ್ಪಣಿ.

ಮೊದಲು ಲೆಕ್ಕ. ಲ್ಯಾಬ್‌ನವರು 'ನಾರ್ಮಲ್' ಅಂತ ಹಾಕುವ ಮಿತಿ ಎಲ್ಲಿಂದ ಬರುತ್ತದೆ? ಸಾಮಾನ್ಯವಾಗಿ ಆರೋಗ್ಯವಾಗಿರುವ ತುಂಬ ಜನರ ರಕ್ತ ನೋಡುತ್ತಾರೆ. ಅವರಲ್ಲಿ ನಡುವಿನ 95% ಜನ ಎಲ್ಲಿಂದ ಎಲ್ಲಿಯವರೆಗೆ ಇದ್ದಾರೋ ಅದೇ ನಾರ್ಮಲ್. ಅಂದರೆ 100 ಆರೋಗ್ಯವಂತರಲ್ಲಿ 5 ಜನ ಏನೂ ಆಗದೆಯೇ ಗೆರೆಯಾಚೆ ಇರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ? 20 ಸಲ 0.95 ಬರೆದು ಎಲ್ಲವನ್ನೂ ಒಂದಕ್ಕೊಂದು ಗುಣಿಸಿ, 0.36 ಬರುತ್ತದೆ. ಇಪ್ಪತ್ತೂ ಗೆರೆಯೊಳಗೇ ಇರುವ ಸಾಧ್ಯತೆ ಅಷ್ಟೇ. ಕಾಯಿಲೆಯೇ ಇಲ್ಲದ 100 ಜನರಲ್ಲಿ ಸುಮಾರು 64 ಜನರ ರಿಪೋರ್ಟ್‌ನಲ್ಲಿ ಒಂದಾದರೂ ದಪ್ಪಕ್ಷರ! ನಿಜದಲ್ಲಿ ಕೆಲವು ಪರೀಕ್ಷೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಹಾಗಾಗಿ ಇಷ್ಟೇ ಬರಬೇಕು ಅಂತಿಲ್ಲ. ಆದರೂ ಪ್ಯಾಕೇಜ್ ದೊಡ್ಡದಾದಷ್ಟೂ ಗಾಬರಿಯೂ ದೊಡ್ಡದು.

ಹಾಗಾದರೆ ಚೆಕಪ್ ದಂಡವಾ? ಇಲ್ಲಿ ಆತುರ ಬೇಡ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆ 17 ಪ್ರಯೋಗಗಳನ್ನು ಒಟ್ಟಿಗೆ ನೋಡಿತು, ಎರಡೂವರೆ ಲಕ್ಷದಷ್ಟು ಜನ. ಎಲ್ಲವನ್ನೂ ಸೇರಿಸಿ ಮಾಡುವ ಸಾಮಾನ್ಯ ಚೆಕಪ್‌ನಿಂದ ಸಾವು ಕಡಿಮೆಯಾದದ್ದು ಕಾಣಲಿಲ್ಲ. ಆದರೆ ಆ ಪ್ರಯೋಗಗಳು ನಡೆದದ್ದು ಯುರೋಪ್, ಅಮೆರಿಕದಲ್ಲಿ. ಅಲ್ಲಿನ ಬಹಳಷ್ಟು ಜನರಿಗೆ ಹೇಗೂ ಒಬ್ಬ ಡಾಕ್ಟರ್ ಇರುತ್ತಾರೆ, ನೆಗಡಿಗೆ ಹೋದಾಗಲೇ ಬಿಪಿಯನ್ನೂ ನೋಡಿಬಿಡುತ್ತಾರೆ. ನಮ್ಮಲ್ಲಿ ನಲವತ್ತು ದಾಟಿದರೂ ಒಮ್ಮೆಯೂ ಬಿಪಿ ನೋಡಿಸದವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ ಅಲ್ವಾ?

ನನಗೆ ತುಂಬ ಇಷ್ಟವಾದ ಉದಾಹರಣೆ ಮುಂಬೈನದು. ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರ ನಡುವೆ ಮಾಡಿದ ಪ್ರಯೋಗ. ಹತ್ತನೇ ತರಗತಿ ಓದಿದ ಹೆಂಗಸರಿಗೆ ನಾಲ್ಕು ವಾರ ತರಬೇತಿ ಕೊಟ್ಟರು. ಅವರು ಗರ್ಭಕೊರಳಿಗೆ ಅಸಿಟಿಕ್ ಆಸಿಡ್ ಹಚ್ಚುತ್ತಿದ್ದರು. ಅಡುಗೆಮನೆಯ ವಿನೆಗರ್‌ನಲ್ಲಿರುವುದೂ ಅದೇ. ಒಂದು ನಿಮಿಷ ಕಾಯಬೇಕು. ಕೆಟ್ಟ ಕೋಶಗಳಿರುವ ಜಾಗ ಬೆಳ್ಳಗಾಗುತ್ತದೆ, ಬರಿಗಣ್ಣಿಗೇ ಕಾಣುತ್ತದೆ. ಲ್ಯಾಬ್ ಬೇಡ, ರಿಪೋರ್ಟ್‌ಗೆ ಕಾಯುವುದೂ ಬೇಡ. ಎರಡು ವರ್ಷಕ್ಕೊಮ್ಮೆ, ನಾಲ್ಕು ಸಲ. 12 ವರ್ಷದ ಲೆಕ್ಕ ನೋಡಿದಾಗ ಗರ್ಭಕೊರಳಿನ ಕ್ಯಾನ್ಸರ್‌ನಿಂದ ಆಗುವ ಸಾವು 31% ಕಡಿಮೆಯಾಗಿತ್ತು. ತಿರುವನಂತಪುರದಲ್ಲೂ ಹೀಗೇ, ಟಾರ್ಚ್ ಹಿಡಿದು ಬಾಯಿ ತೆರೆಸಿ ನೋಡಿದರು. ಎಲ್ಲರನ್ನೂ ಸೇರಿಸಿದಾಗ ಲಾಭ ಅಷ್ಟು ಗಟ್ಟಿಯಾಗಿ ಕಾಣಲಿಲ್ಲ. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಮಾತ್ರ ಬಾಯಿ ಕ್ಯಾನ್ಸರ್ ಸಾವು 34% ಇಳಿದಿತ್ತು. ಯಾರನ್ನು ನೋಡಬೇಕು ಅನ್ನುವುದು ಎಷ್ಟು ಮುಖ್ಯ ನೋಡಿ.

ಇವು ಯಾಕೆ ಗೆದ್ದವು? 1968ರಲ್ಲಿ ವಿಲ್ಸನ್ ಮತ್ತು ಯುಂಗ್ನರ್ ಯಾವ ಕಾಯಿಲೆಗೆ ಸ್ಕ್ರೀನಿಂಗ್ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದುಕೊಟ್ಟ ಹತ್ತು ಸೂತ್ರಗಳಿವೆ. ಹತ್ತನ್ನೂ ಬಾಯಿಪಾಠ ಮಾಡಿ, ಪರೀಕ್ಷೆಗೆ ಬರುತ್ತದೆ. ನಾನು ತಲೆಯಲ್ಲಿ ಇಟ್ಟುಕೊಂಡಿರುವುದು ಮೂರೇ: ಕಾಯಿಲೆ ದೊಡ್ಡದಿರಬೇಕು, ಲಕ್ಷಣ ಕಾಣುವ ಮೊದಲು ಅದು ಸದ್ದಿಲ್ಲದೆ ಕೂತಿರುವ ಕಾಲ ಇರಬೇಕು, ಸಿಕ್ಕಿದ ಮೇಲೆ ಚಿಕಿತ್ಸೆ ಇರಬೇಕು. ಇವನ್ನು ಮರೆತರೆ ಏನಾಗುತ್ತದೆ ಅನ್ನುವುದಕ್ಕೆ ದಕ್ಷಿಣ ಕೊರಿಯಾ ಇದೆ. ಅಲ್ಲಿ ಚೆಕಪ್ ಜೊತೆ ಥೈರಾಯ್ಡ್ ಸ್ಕ್ಯಾನ್ ಸೇರಿಸಿಕೊಂಡರು. 2011ರ ಹೊತ್ತಿಗೆ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ 1993ಕ್ಕಿಂತ 15 ಪಟ್ಟು. ಸಾವು ಮಾತ್ರ ಇದ್ದಷ್ಟೇ. ಸುಮ್ನೆ ಇದ್ದಿದ್ದರೂ ತೊಂದರೆ ಕೊಡದ ಗಂಟಿಗೆ ಎಷ್ಟೋ ಜನ ಆಪರೇಷನ್ ಮಾಡಿಸಿಕೊಂಡರು.

ನಮ್ಮ ದೇಶದ ಕಾರ್ಯಕ್ರಮದ ಪಟ್ಟಿ ಚಿಕ್ಕದು. 30 ದಾಟಿದವರಿಗೆ ಬಿಪಿ ಮತ್ತು ಶುಗರ್ ವರ್ಷಕ್ಕೊಮ್ಮೆ, ಬಾಯಿ, ಸ್ತನ ಮತ್ತು ಗರ್ಭಕೊರಳಿನ ಪರೀಕ್ಷೆ ಐದು ವರ್ಷಕ್ಕೊಮ್ಮೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ತುಂಬುವ ಫಾರಂನಲ್ಲಿ ಕಾಯಿಲೆಯ ಅಪಾಯ ತೋರಿಸುವ ಅಂಕ 4 ದಾಟಿದವರನ್ನು ಮೊದಲು ಕರೆಯಬೇಕು. ಅಂಕ ಕಡಿಮೆ ಇದ್ದವರನ್ನೂ ಬಿಡುವ ಹಾಗಿಲ್ಲ.

ಈಗ ಅಪ್ಪನ ರಿಪೋರ್ಟ್‌ಗೆ ವಾಪಸ್. ಕೊನೆ ಪುಟದ ಮೂಲೆಯಲ್ಲಿ, ಪೆನ್ನಿನಲ್ಲಿ, 152/94 ಅಂತ ಗೀಚಿದ್ದರು. ಬಿಪಿ! ದಪ್ಪಕ್ಷರ ಇರಲಿಲ್ಲ, ಯಾರೂ ಏನೂ ಹೇಳಿರಲಿಲ್ಲ. ಮೆಟ್ಟಿಲು ಹತ್ತಿ ಬಂದ ಕೂಡಲೇ ಶರ್ಟಿನ ತೋಳಿನ ಮೇಲೇ ಪಟ್ಟಿ ಸುತ್ತಿ ನೋಡಿದ್ದರಂತೆ. ಆ ಸಂಖ್ಯೆಯನ್ನು ಹಾಗೇ ನಂಬುವಂತಿಲ್ಲ, ಬಿಡುವಂತೆಯೂ ಇಲ್ಲ. ನಮ್ಮೂರಿನ ಉಪಕೇಂದ್ರಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಸಿಸ್ಟರ್ ಮೊದಲು ಅಪ್ಪನನ್ನು ಬಾತ್‌ರೂಮಿಗೆ ಕಳಿಸಿದರು. ಆಮೇಲೆ ಬೆನ್ನು ಕುರ್ಚಿಗೆ ಆನಿಸಿ, ಪಾದ ನೆಲಕ್ಕೆ ಊರಿಸಿ ಐದು ನಿಮಿಷ ಕೂರಿಸಿದರು. ಕಾಲ ಮೇಲೆ ಕಾಲು ಹಾಕಿದ್ದಕ್ಕೆ ಬೈದರು. ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇಡಿಸಿದರು. ಅಪ್ಪ ಮಳೆಯ ವಿಷಯ ತೆಗೆದಾಗ, 'ಯಜಮಾನ್ರೇ, ಮಾತಾಡಿದ್ರೆ ಬಿಪಿ ಏರುತ್ತೆ' ಅಂದರು. ಎರಡು ಸಲ ನೋಡಿದರು, ಮಧ್ಯೆ ಒಂದು ನಿಮಿಷ ಬಿಟ್ಟು. ಬೇರೆ ಎರಡು ದಿನ ಮತ್ತೆ ಕರೆಸಿದರು. ಮೂರು ದಿನವೂ 140/90ರ ಮೇಲೇ ಇತ್ತು.

ಈಗ ಅಪ್ಪ ದಿನಕ್ಕೊಂದು ಮಾತ್ರೆ ತಗೊಳ್ಳುತ್ತಾರೆ. ಉಪ್ಪಿನಕಾಯಿ ಜಾಡಿ ಮೇಲಿನ ಅಟ್ಟಕ್ಕೆ ಹೋಗಿದೆ. ಯೂರಿಕ್ ಆಸಿಡ್, ಎನ್‌ಜೈಮ್ ಎರಡೂ ಮೂರು ತಿಂಗಳ ನಂತರ ತಾವಾಗಿಯೇ ಗೆರೆಯೊಳಗೆ ಬಂದಿದ್ದವು. ಆದರೂ ಯಾರಾದರೂ ಕೇಳಿದರೆ ಅಪ್ಪ ಇವತ್ತಿಗೂ ಮೊದಲು ಹೇಳುವುದು ಯೂರಿಕ್ ಆಸಿಡ್ ಕಥೆಯನ್ನೇ.