ಅಗ್ಗದ ಗ್ರ್ಯಾಪಲ್ ಬಾಳಿಕೆ ಬರುತ್ತಾ? ಮುರಿದರೆ ರಿಪೇರಿ ಆಗುತ್ತಾ?

ಪ್ರಶ್ನೆ: ನಾವು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಎಂಟು ಎಕರೆ ಜಾಗ ತಗೊಂಡಿದ್ದೀವಿ, ಅರ್ಧಕ್ಕಿಂತ ಜಾಸ್ತಿ ಕಾಡೇ. ಸುಮಾರು 25 ಎಚ್‌ಪಿಯ ಸಣ್ಣ ಟ್ರ್ಯಾಕ್ಟರ್ ಇದೆ, ಮುಂದೆ ಲೋಡರ್ ಇದೆ. ಬಿದ್ದ ಮರ, ಪೊದೆ ಎತ್ತೋಕೆ ಗ್ರ್ಯಾಪಲ್ ಬೇಕು. ಆನ್‌ಲೈನ್‌ನಲ್ಲಿ 1,200 ಡಾಲರ್‌ಗೂ ಒಂದು ಸಿಗುತ್ತೆ, ಡೀಲರ್ ಹತ್ತಿರ ಹೋದರೆ ಅದರ ಎರಡು ಮೂರು ಪಟ್ಟು ಹೇಳ್ತಾರೆ. ಅಗ್ಗದ್ದು ತಗೊಂಡರೆ ನಡೆಯುತ್ತಾ? ಮುರಿದರೆ ರಿಪೇರಿನಾ, ಗುಜರಿನಾ?

ಉತ್ತರ: ನಡೆಯುತ್ತದೆ. ನಿಮ್ಮ ಅಳತೆಯ ಟ್ರ್ಯಾಕ್ಟರ್‌ಗಂತೂ ಅಗ್ಗದ್ದೇ ಸಾಕು ಅಂತ ನಾನು ಹೇಳುತ್ತೇನೆ. ಆದರೆ ಅದು ಎಲ್ಲಿ ಕೈಕೊಡುತ್ತದೆ ಅಂತ ಮೊದಲೇ ತಿಳಿದುಕೊಂಡು ಕೊಳ್ಳಬೇಕು, ಯಾಕೆಂದರೆ ಜನ ನೋಡುವ ಜಾಗವೇ ಬೇರೆ, ಅದು ಮುರಿಯುವ ಜಾಗವೇ ಬೇರೆ.

ಇದನ್ನು ನೋಡದವರಿಗೆ ಒಂದು ಮಾತು. ಲೋಡರ್‌ನ ಬಕೆಟ್ ತೆಗೆದು ಅದೇ ಜಾಗಕ್ಕೆ ಸಿಕ್ಕಿಸುವ ಉಕ್ಕಿನ ದವಡೆಯೇ ಗ್ರ್ಯಾಪಲ್. ಕೆಳಗೆ ಸಾಲಾಗಿ ಬಾಗಿದ ಹಲ್ಲುಗಳು, ಮೇಲೆ ಹೈಡ್ರಾಲಿಕ್ ಸಿಲಿಂಡರ್‌ನಿಂದ ಮುಚ್ಚಿ ತೆರೆಯುವ ಇನ್ನೊಂದು ದವಡೆ. ಮರದ ದಿಮ್ಮಿ, ಬೇರು, ಕಲ್ಲು, ಕೊಂಬೆರಾಶಿ ಎಲ್ಲವನ್ನೂ ಕಚ್ಚಿ ಎತ್ತುತ್ತದೆ.

ಕೊಳ್ಳುವಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಉಕ್ಕು ಎಷ್ಟು ದಪ್ಪ, ಯಾವ ಗ್ರೇಡು ಅಂತ. ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಎ36 ಅನ್ನುವ ಮಾಮೂಲಿ ಮೈಲ್ಡ್ ಸ್ಟೀಲ್ ಇರುತ್ತದೆ. ಅದು 36,000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಲೆಕ್ಕ) ಒತ್ತಡಕ್ಕೆ ಶಾಶ್ವತವಾಗಿ ಬಾಗಲು ಶುರುವಾಗುತ್ತದೆ. ಸ್ವಲ್ಪ ದುಬಾರಿಯವುಗಳಲ್ಲಿ ಗ್ರೇಡ್ 50 ಇರುತ್ತದೆ, ಅದಕ್ಕೆ 50,000 ಪಿಎಸ್‌ಐ ಬೇಕು. ವ್ಯತ್ಯಾಸ ಇದೆ, ಇಲ್ಲ ಅನ್ನಲ್ಲ. ಆದರೆ ನಿಮ್ಮ ಟ್ರ್ಯಾಕ್ಟರ್ ಅಷ್ಟು ಒತ್ತಡ ಹಾಕಬೇಕಲ್ವಾ? ಕುಬೋಟಾ ಬಿಎಕ್ಸ್2380 ಅನ್ನೇ ತಗೊಳ್ಳಿ, ಅದರ ಲೋಡರ್ ಪೂರ್ತಿ ಎತ್ತರಕ್ಕೆ ಎತ್ತುವುದು ಬಕೆಟ್ ಸಿಕ್ಕಿಸುವ ಪಿನ್ನಿನ ಹತ್ತಿರ ಅಳೆದರೆ 739 ಪೌಂಡ್, ಅಂದರೆ ಸುಮಾರು 335 ಕೆಜಿ. ಅದೇ ಕಂಪನಿಯ ಸ್ವಲ್ಪ ದೊಡ್ಡದಾದ ಎಲ್2501ರಲ್ಲಿ 1,131 ಪೌಂಡ್, ಸುಮಾರು 513 ಕೆಜಿ. ಗ್ರ್ಯಾಪಲ್‌ನ ತೂಕವೇ 300 ಪೌಂಡ್ ಇದ್ದರೆ ಚಿಕ್ಕ ಟ್ರ್ಯಾಕ್ಟರ್‌ನಲ್ಲಿ ನಿಮಗೆ ಉಳಿಯುವುದು 200 ಕೆಜಿ, ಅದೂ ಭಾರ ಪಿನ್ನಿಗಿಂತ ಮುಂದೆ ಕೂರುವುದರಿಂದ ಇನ್ನೂ ಕಡಿಮೆ. ಹಸಿ ಓಕ್ ಮರದ ಎಂಟಡಿ ದಿಮ್ಮಿ, 16 ಇಂಚು ದಪ್ಪದ್ದು, ಹೆಚ್ಚುಕಡಿಮೆ 315 ಕೆಜಿ ತೂಗುತ್ತದೆ. ಅದನ್ನು ಎತ್ತುವುದಿಲ್ಲ, ಒಂದು ತುದಿ ಎತ್ತಿ ಎಳೆದುಕೊಂಡು ಹೋಗಬಹುದು ಅಷ್ಟೇ.

ಇಲ್ಲೇ ನನ್ನ ವಾದ ಇರೋದು. ಭಾರೀ ದಪ್ಪ ಪ್ಲೇಟಿನ ಗಟ್ಟಿ ಗ್ರ್ಯಾಪಲ್ ಅಂತ 500 ಪೌಂಡಿನದು ತಂದು ಹಾಕಿದರೆ ಅದು ಮುರಿಯುವುದಿಲ್ಲ ನಿಜ, ಆದರೆ ಎತ್ತುವುದಕ್ಕೆ ಶಕ್ತಿಯೂ ಉಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಂದು ಹಲ್ಲನ್ನು ನೆಲದಲ್ಲಿರುವ ಬೇರಿಗೆ ಸಿಕ್ಕಿಸಿ ಟ್ರ್ಯಾಕ್ಟರ್ ಮುಂದಕ್ಕೆ ನುಗ್ಗಿದರೆ ಏನೋ ಒಂದು ಬಾಗಲೇಬೇಕು. ಗ್ರ್ಯಾಪಲ್ ಬಾಗದಿದ್ದರೆ ಲೋಡರ್‌ನ ತೋಳು ತಿರುಚಿಕೊಳ್ಳುತ್ತದೆ. ಹಲ್ಲು ನೆಟ್ಟಗೆ ಮಾಡುವುದು ಒಂದು ಮಧ್ಯಾಹ್ನದ ಕೆಲಸ. ಲೋಡರ್ ತೋಳು ಬಾಗಿದರೆ ಅದರ ಖರ್ಚಿನಲ್ಲಿ ಇನ್ನೊಂದು ಗ್ರ್ಯಾಪಲ್ ಬರುತ್ತದೆ. ಹಗುರಾದ, ಸ್ವಲ್ಪ ಮೆತ್ತಗಿನ ಉಕ್ಕಿನ ಗ್ರ್ಯಾಪಲ್ ಸಣ್ಣ ಟ್ರ್ಯಾಕ್ಟರ್‌ಗೆ ಫ್ಯೂಸ್ ಇದ್ದ ಹಾಗೆ.

ಹಾಗಾದರೆ ಅಗ್ಗದ್ದು ನಿಜವಾಗಿ ಕೈಕೊಡುವುದೆಲ್ಲಿ? ಪಿನ್, ಹೋಸ್, ಸಿಲಿಂಡರ್, ವೆಲ್ಡಿಂಗ್.

ಪಿನ್ನಿಂದ ಶುರು ಮಾಡೋಣ, ಯಾಕೆಂದರೆ ತಯಾರಕರು ದುಡ್ಡು ಉಳಿಸುವುದು ಮೊದಲು ಅಲ್ಲೇ. ಒಳ್ಳೆಯ ಗ್ರ್ಯಾಪಲ್‌ನಲ್ಲಿ ಹದ ಹಾಕಿದ ಗಟ್ಟಿ ಪಿನ್, ಅದರ ಸುತ್ತ ಬುಶ್ ಅನ್ನುವ ಲೋಹದ ಕೊಳವೆ, ಗ್ರೀಸ್ ಹಾಕಲು ನಿಪ್ಪಲ್ ಇರುತ್ತವೆ. ಅಗ್ಗದ್ದರಲ್ಲಿ ಎಷ್ಟೋ ಸಲ ಪ್ಲೇಟಿಗೆ ತೂತು ಕೊರೆದು ಅದರೊಳಗೆ ಮೆತ್ತಗಿನ ಪಿನ್ ತೂರಿಸಿ ಬಿಟ್ಟಿರುತ್ತಾರೆ. ಕೆಲವು ತಿಂಗಳು ಮರಳು, ಮಣ್ಣು ಸೇರಿಕೊಂಡರೆ ಆ ತೂತು ಮೊಟ್ಟೆಯಾಕಾರ ಆಗುತ್ತದೆ, ಮೇಲಿನ ದವಡೆ ಗಡಗಡ ಅಲ್ಲಾಡುತ್ತದೆ, ಹಾಗೆ ಅಲ್ಲಾಡಿ ಅಲ್ಲಾಡಿಯೇ ಪಕ್ಕದ ವೆಲ್ಡಿಂಗ್ ಬಿರುಕು ಬಿಡುತ್ತದೆ. ರಿಪೇರಿ ಕಷ್ಟದ್ದಲ್ಲ. ತೂತನ್ನು ದೊಡ್ಡದು ಮಾಡಿ, ಲೇತಿನಲ್ಲಿ ಮಾಡಿಸಿದ ಬುಶ್ ಕೂರಿಸಿ ವೆಲ್ಡ್ ಮಾಡಿ, ಗಟ್ಟಿ ಪಿನ್ ಹಾಕಬೇಕು. ನಮ್ಮ ಕಡೆ ಜೆಸಿಬಿ ಮೆಕ್ಯಾನಿಕ್‌ಗಳು ದಿನಾ ಮಾಡುವ ಪಿನ್-ಬುಶ್ ಕೆಲಸವೇ ಇದು. ಅಮೆರಿಕದಲ್ಲೂ ಊರಿಗೊಂದು ಮಶೀನ್ ಶಾಪ್ ಇರುತ್ತದೆ. ಗ್ರೀಸ್ ನಿಪ್ಪಲ್ ಇಲ್ಲದಿದ್ದರೆ ಹೊಸದಾಗಿ ಇರುವಾಗಲೇ ಕೊರೆಸಿ ಹಾಕಿಸಿಬಿಡಿ, ಅಲ್ಲಿ ಮಾಮೂಲಿಯಾಗಿ ನಡೆಯುವುದು 1/4-28 ಥ್ರೆಡ್ಡಿನದು. ಹತ್ತು ಗಂಟೆ ಕೆಲಸಕ್ಕೊಮ್ಮೆ ಗ್ರೀಸ್ ಹೊಡೆದರೆ ಅಗ್ಗದ ಪಿನ್ ಕೂಡ ತುಂಬಾ ದಿನ ಬರುತ್ತದೆ.

ಹೋಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದವಡೆ ಪೂರ್ತಿ ತೆರೆದು, ಪೂರ್ತಿ ಮುಚ್ಚಿ, ಎಲ್ಲಾದರೂ ಹೋಸ್ ಸಿಕ್ಕಿಹಾಕಿಕೊಳ್ಳುತ್ತಾ, ಎಳೆದ ಹಾಗೆ ಆಗುತ್ತಾ ನೋಡಿ. ಆದರೆ ಹೋಸ್ ಸೋರುತ್ತಿದ್ದರೆ, ಅಂದರೆ ಒಳಗೆ ಒತ್ತಡ ಇದ್ದು ಸಣ್ಣ ಸೂಜಿತೂತಿನಿಂದ ಎಣ್ಣೆ ಚಿಮ್ಮುತ್ತಿದ್ದರೆ, ದಯವಿಟ್ಟು ಕೈಯಿಂದ ತಡಕಬೇಡಿ. ಆ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ, ಹೊರಗೆ ನೋಡಿದರೆ ಮುಳ್ಳು ಚುಚ್ಚಿದಷ್ಟೇ ಕಾಣುತ್ತದೆ, ಆದರೆ ತಕ್ಷಣ ಆಪರೇಷನ್ ಆಗದಿದ್ದರೆ ಬೆರಳು, ಕೈ ಹೋಗಬಹುದು. ರಟ್ಟಿನ ತುಂಡು ಹಿಡಿದು ನೋಡಿ. ಹೋಸ್ ಬಿಚ್ಚುವ ಮುಂಚೆ ಗ್ರ್ಯಾಪಲ್ ನೆಲಕ್ಕೆ ಇಳಿಸಿ, ಎಂಜಿನ್ ನಿಲ್ಲಿಸಿ, ಲಿವರ್ ಅತ್ತಿತ್ತ ಆಡಿಸಿ ಒತ್ತಡ ಇಳಿಸಬೇಕು. ದವಡೆಗೆ ಕರೆಂಟಿನ ಬಟನ್ ಇರುವ ವಾಲ್ವ್ ಇದ್ದರೆ ಕೀಲಿ ಆನ್ ಇಟ್ಟು ಬಟನ್ ಒತ್ತಬೇಕಾಗುತ್ತದೆ, ಇದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ.

ಇನ್ನು ಸಿಲಿಂಡರ್. ಎರಡು ಇಂಚು ಒಳವ್ಯಾಸದ ಸಿಲಿಂಡರ್‌ಗೆ 2,000 ಪಿಎಸ್‌ಐ ಒತ್ತಡ ಕೊಟ್ಟರೆ ಅದು ಸುಮಾರು 6,280 ಪೌಂಡ್, ಅಂದರೆ 2,850 ಕೆಜಿ ಬಲದಿಂದ ತಳ್ಳುತ್ತದೆ. ಸಾಕಷ್ಟಾಯಿತು. ಅದು ಹಾಳಾಗುವುದು ತನ್ನ ಬಲದಿಂದ ಅಲ್ಲ, ಹೊರಗಿನ ಬಲದಿಂದ. ಹೆಚ್ಚಿನ ಗ್ರ್ಯಾಪಲ್‌ಗಳಲ್ಲಿ ದವಡೆ ಮುಚ್ಚಿದಾಗ ರಾಡ್ ಪೂರ್ತಿ ಹೊರಗೆ ಬಂದಿರುತ್ತದೆ. ಆ ಹೊತ್ತಿನಲ್ಲಿ ವಾಲ್ವ್ ಮುಚ್ಚಿರುತ್ತದೆ, ಎಣ್ಣೆಗೆ ಹೋಗಲು ದಾರಿ ಇಲ್ಲ. ನೀವು ಕಚ್ಚಿದ ದಿಮ್ಮಿಯಿಂದ ಬುಡ ಮೀಟಲು ಹೋದರೆ, ಅಥವಾ ಮುಚ್ಚಿದ ದವಡೆಯಿಂದಲೇ ಮರವನ್ನು ತಳ್ಳಿದರೆ, ಆ ಬಲವೆಲ್ಲ ಸಿಕ್ಕಿಹಾಕಿಕೊಂಡ ಎಣ್ಣೆಯ ಮೇಲೆ, ತೆಳ್ಳಗಿನ ರಾಡಿನ ಮೇಲೆ ಬೀಳುತ್ತದೆ. ಒಂದೋ ಸೀಲ್ ಹೋಗುತ್ತದೆ, ಇಲ್ಲ ರಾಡ್ ಬಾಗುತ್ತದೆ. ಮೀಟುವ ಕೆಲಸವನ್ನು ಕೆಳಗಿನ ಹಲ್ಲುಗಳಿಂದ, ಮೇಲಿನ ದವಡೆ ತೆರೆದಿಟ್ಟು ಮಾಡಿ.

ರಾಡಿನ ಬಾಯಲ್ಲಿ ಎಣ್ಣೆ ಜಿನುಗಿದರೆ ಕಣ್ಣಿಗೆ ಕಾಣುತ್ತದೆ, ಹೊರಸೀಲ್ ಹೋಗಿದೆ. ದವಡೆಯ ಹಿಡಿತ ಮೆಲ್ಲಗೆ ಸಡಿಲವಾಗುತ್ತಿದೆ, ಹೊರಗೆ ಎಲ್ಲೂ ಎಣ್ಣೆ ಇಲ್ಲ ಅಂದರೆ ಎಲ್ಲರೂ ಪಿಸ್ಟನ್ ಸೀಲ್ ಅಂತಾರೆ. ವಾಲ್ವ್ ಕೂಡ ಇರಬಹುದು. ಬಿಚ್ಚುವ ಮುಂಚೆ ಹೀಗೆ ನೋಡಿ: ದವಡೆ ಪೂರ್ತಿ ಮುಚ್ಚಿ, ಒತ್ತಡ ಇಳಿಸಿ, ಸಿಲಿಂಡರ್‌ನಲ್ಲಿ ರಾಡ್ ಇರುವ ಕಡೆಯ ಹೋಸ್ ಬಿಚ್ಚಿ, ಆ ಹೋಸಿನ ಬಾಯಿಗೆ ಮುಚ್ಚಳ ಹಾಕಿ, ಸಿಲಿಂಡರ್‌ನ ಆ ತೂತಿನ ಕೆಳಗೆ ಡಬ್ಬ ಇಡಿ. ದೂರ ನಿಂತು ಎಂಜಿನ್ ಚಾಲೂ ಮಾಡಿಸಿ ಮುಚ್ಚುವ ಬಟನ್ ಒತ್ತಿಸಿ. ನಾಲ್ಕು ಹನಿ ಬಿದ್ದು ನಿಂತರೆ ಸಿಲಿಂಡರ್ ಚೆನ್ನಾಗಿದೆ, ವಾಲ್ವ್ ಕಡೆ ನೋಡಿ. ಎಣ್ಣೆ ಹರಿಯುತ್ತಲೇ ಇದ್ದರೆ ಪಿಸ್ಟನ್ ಸೀಲ್ ಹೋಗಿದೆ.

ಹೊರದೇಶದಿಂದ ಬಂದ ಅಗ್ಗದ ಸಿಲಿಂಡರ್‌ಗೆ ಸೀಲ್ ಕಿಟ್ ಹುಡುಕುವುದು ತಲೆನೋವು. ನನ್ನ ಕೇಳಿದರೆ ಹೊಸ ಸಿಲಿಂಡರೇ ಹಾಕಿ. ಒಳವ್ಯಾಸ, ಸ್ಟ್ರೋಕ್ (ರಾಡ್ ಎಷ್ಟು ದೂರ ಓಡುತ್ತದೆ), ರಾಡಿನ ದಪ್ಪ, ಪೂರ್ತಿ ಒಳಗೆ ಹೋದಾಗ ಪಿನ್ನಿನ ಮಧ್ಯದಿಂದ ಪಿನ್ನಿನ ಮಧ್ಯಕ್ಕೆ ಎಷ್ಟು ಉದ್ದ, ಪಿನ್ನಿನ ದಪ್ಪ ಎಷ್ಟು, ಇಷ್ಟು ಅಳೆದರೆ ಸರಿಹೊಂದುವುದು ಸಿಗುತ್ತದೆ. ಹೋಸ್ ಜೋಡಿಸುವ ತೂತಿನ ಥ್ರೆಡ್ ಮಾತ್ರ ಮೋಸ ಮಾಡುತ್ತದೆ. ಅಮೆರಿಕದ್ದು ಎನ್‌ಪಿಟಿ, ಹೊರಗಿನಿಂದ ಬಂದದ್ದರಲ್ಲಿ ಬಿಎಸ್‌ಪಿ ಇರಬಹುದು. ಅರ್ಧ ಇಂಚಿನ ಅಳತೆಯಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತೇ, ಆದರೆ ಒಂದರ ಕೋನ 60 ಡಿಗ್ರಿ, ಇನ್ನೊಂದರದು 55. ಹಾಗಾಗಿ ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಎಷ್ಟು ಬಿಗಿ ಮಾಡಿದರೂ ಸೋರುತ್ತಲೇ ಇರುತ್ತದೆ. ಟೇಪ್ ಸುತ್ತಿ ಗುದ್ದಾಡಬೇಡಿ, ಸರಿಯಾದ ಅಡಾಪ್ಟರ್ ತನ್ನಿ.

ವೆಲ್ಡಿಂಗ್ ಬಿರುಕು ಬಿಡುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವವೇ: ಹಲ್ಲಿನ ಬುಡ ಹಿಂದಿನ ಅಡ್ಡಪೈಪಿಗೆ ಸೇರುವಲ್ಲಿ, ಸಿಲಿಂಡರ್ ಕೂರುವ ಕಿವಿಗಳಲ್ಲಿ, ಮೇಲಿನ ದವಡೆಯ ಹಿಂಜಿನಲ್ಲಿ. ಬಣ್ಣದ ಮೇಲೆ ತುಕ್ಕಿನ ಸಣ್ಣ ಗೆರೆ ಕಂಡರೆ ಅದೇ ಬಿರುಕು. ಅದರ ಮೇಲೆ ಸುಮ್ನೆ ಒಂದು ಸಾಲು ವೆಲ್ಡ್ ಎಳೆದರೆ ಒಳಗಿನ ಬಿರುಕು ಹಾಗೇ ಇರುತ್ತದೆ, ಮತ್ತೆ ತೆರೆದುಕೊಳ್ಳುತ್ತದೆ. ಬಣ್ಣ ಉಜ್ಜಿ, ಬಿರುಕಿನ ತುದಿ ಹುಡುಕಿ ಅಲ್ಲಿ ಸಣ್ಣ ತೂತು ಕೊರೆದು ಅದು ಮುಂದಕ್ಕೆ ಓಡದಂತೆ ಮಾಡಬೇಕು. ಆಮೇಲೆ ಬಿರುಕಿನುದ್ದಕ್ಕೂ ಗ್ರೈಂಡರ್‌ನಿಂದ ವಿ ಆಕಾರದಲ್ಲಿ ಕೊರೆದು, ಒಣಗಿದ 7018 ಅನ್ನುವ ವೆಲ್ಡಿಂಗ್ ರಾಡಿನಿಂದ ಸಾಲು ಸಾಲಾಗಿ ತುಂಬಬೇಕು. ರಾಡ್ ತೇವ ಹಿಡಿದಿದ್ದರೆ ವೆಲ್ಡ್ ಮತ್ತೆ ಸೀಳುತ್ತದೆ. ಮನೆಯ 120 ವೋಲ್ಟಿನ ಸಣ್ಣ ಮಶೀನ್ ಅರ್ಧ ಇಂಚಿನ ಪ್ಲೇಟಿಗೆ ಸಾಲದು, ಮೇಲೆ ಚೆನ್ನಾಗಿ ಕಾಣುತ್ತದೆ, ಒಳಗೆ ಹಿಡಿದಿರುವುದಿಲ್ಲ. ಬಲಕ್ಕೆ ಇನ್ನೊಂದು ಪ್ಲೇಟ್ ಹೊದಿಸುವುದಾದರೆ ತುದಿ ಚೂಪಾಗಿ ಅಥವಾ ಗುಂಡಗೆ ಇರಲಿ, ಹಲ್ಲಿಗೆ ಅಡ್ಡಲಾಗಿ ನೇರ ವೆಲ್ಡ್ ಹಾಕಿದರೆ ಮುಂದಿನ ಬಿರುಕು ಅಲ್ಲಿಂದಲೇ ಶುರು. ಇನ್ನೊಂದು, ಗ್ರ್ಯಾಪಲ್ ಅನ್ನು ಟ್ರ್ಯಾಕ್ಟರ್‌ನಿಂದ ಬಿಚ್ಚಿಟ್ಟು ವೆಲ್ಡ್ ಮಾಡಿ. ಆಗ ಬ್ಯಾಟರಿ, ಆಲ್ಟರ್ನೇಟರ್, ಕಂಪ್ಯೂಟರ್ ಬಗ್ಗೆ ಚಿಂತೆಯೇ ಇಲ್ಲ.

ಬಾಗಿದ ಹಲ್ಲಿನ ವಿಷಯದಲ್ಲಿ ಅಗ್ಗದ ಉಕ್ಕೇ ಮೇಲು. ಮೈಲ್ಡ್ ಸ್ಟೀಲ್ ಅನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ, ಜಾಕ್ ಇಟ್ಟೋ ಚೈನ್ ಕಟ್ಟಿಯೋ ನೆಟ್ಟಗೆ ಮಾಡಿ, ತಾನಾಗಿ ತಣ್ಣಗಾಗಲು ಬಿಟ್ಟರೆ ಮುಗಿಯಿತು, ನೀರು ಮಾತ್ರ ಹಾಕಬೇಡಿ. ದುಬಾರಿ ಗ್ರ್ಯಾಪಲ್‌ನ ಎಆರ್400 ಅನ್ನುವ ಗಡಸು ಉಕ್ಕನ್ನು ಹೀಗೆ ಕಾಯಿಸಿದರೆ ಅದರ ಗಡಸುತನವೇ ಹೋಗುತ್ತದೆ, ಜಾಸ್ತಿ ದುಡ್ಡು ಕೊಟ್ಟದ್ದು ಅದಕ್ಕೇ ಅಲ್ವಾ!

ಯಾವಾಗ ಬಿಟ್ಟುಬಿಡಬೇಕು? ಹಿಂದಿನ ಚೌಕಟ್ಟೇ ತಿರುಚಿಕೊಂಡು, ಲೋಡರ್‌ಗೆ ಸಿಕ್ಕಿಸುವ ಪ್ಲೇಟ್ ಬಾಗಿ, ಎರಡೂ ಕಡೆಯ ಲಾಕ್ ಪಿನ್ ಪೂರ್ತಿ ಹೊರಗೆ ಬಾರದೆ ಹೋದರೆ ಅದನ್ನು ಬಳಸಬೇಡಿ, ಎತ್ತಿದ ಭಾರದ ಸಮೇತ ಕಳಚಿ ಬೀಳಬಹುದು. ಅಲ್ಲಿ ವೆಲ್ಡರ್‌ಗೆ ಗಂಟೆಗೆ ನೂರು ಡಾಲರ್ ಆಸುಪಾಸು ಕೊಡಬೇಕಾದ್ದರಿಂದ ಅಂಥ ಚೌಕಟ್ಟು ನೆಟ್ಟಗೆ ಮಾಡಿಸುವ ದುಡ್ಡಿಗೆ ಇನ್ನೊಂದು ಅಗ್ಗದ್ದೇ ಬಂದುಬಿಡುತ್ತದೆ. ಹಳೆಯದರ ಸಿಲಿಂಡರ್, ಹೋಸ್, ಪಿನ್ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಹಾಕಿ.

ಕೊನೆಗೆ ನಿಮ್ಮ 1,200 ಡಾಲರ್ ಲೆಕ್ಕ. ಅದರಲ್ಲಿ ದವಡೆ ಆಡಿಸುವ ಎಣ್ಣೆಯ ದಾರಿ ಸೇರಿಲ್ಲ. ನಿಮ್ಮ ಲೋಡರ್‌ನಲ್ಲಿ ಅದಕ್ಕೆ ಬೇಕಾದ ಥರ್ಡ್ ಫಂಕ್ಷನ್ ವಾಲ್ವ್ ಅನ್ನುವ ಹೆಚ್ಚುವರಿ ವಾಲ್ವ್ ಇಲ್ಲದಿದ್ದರೆ ಅದರ ಕಿಟ್ಟಿಗೇ ಹಲವು ನೂರು ಡಾಲರ್ ಬೇಕು. ಲೋಡರ್‌ನ ಮೂತಿ ಸ್ಕಿಡ್ ಸ್ಟೀರ್ ಮಾದರಿಯದ್ದಾ (ಪ್ಲೇಟಿಗೆ ಕೂರಿಸಿ ಲಾಕ್ ಮಾಡುವಂಥದ್ದು) ಅಥವಾ ಪಿನ್ ಹಾಕುವಂಥದ್ದಾ ಅಂತಲೂ ನೋಡಿಕೊಳ್ಳಿ, ಪಿನ್ನಿನದಾದರೆ ಆನ್‌ಲೈನ್‌ನ ಹೆಚ್ಚಿನ ಗ್ರ್ಯಾಪಲ್‌ಗಳು ಹಾಗೇ ಕೂರುವುದಿಲ್ಲ, ಅದಕ್ಕೊಂದು ಅಡಾಪ್ಟರ್ ಬೇಕು, ಅದರ ತೂಕವೂ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಟ್ರ್ಯಾಕ್ಟರ್‌ನ ಹಿಂದೆ ಸಾಕಷ್ಟು ತೂಕ ಕಟ್ಟದೆ ಮುಂದೆ ದಿಮ್ಮಿ ಎತ್ತಬೇಡಿ, ಎತ್ತಿದ ಮೇಲೆ ನೆಲಕ್ಕೆ ಹತ್ತಿರವೇ ಇಟ್ಟುಕೊಂಡು ನಡೆಸಿ. ಎತ್ತರಕ್ಕೆ ಎತ್ತಿದ ಗುಂಡು ದಿಮ್ಮಿ ಹಿಡಿತ ತಪ್ಪಿದರೆ ಲೋಡರ್ ತೋಳಿನ ಮೇಲೆ ಉರುಳಿಕೊಂಡು ನೇರ ಸೀಟಿಗೇ ಬರುತ್ತದೆ.