ತೋಟದ ಹೊಗೆ ಎತ್ತ ಹೋಯಿತು?

ಅಡಿಕೆ ಬೇಯಿಸುವ ದಿನಗಳಲ್ಲಿ ತೀರ್ಥಹಳ್ಳಿ ಕಡೆಯ ಗುಡ್ಡ ಹತ್ತಿ ನೋಡಿ. ಬೆಳಿಗ್ಗೆ ಒಲೆಯ ಹೊಗೆ ತೋಟದ ಮೇಲೆ ಚಾಪೆ ಹಾಸಿದ ಹಾಗೆ ಮಲಗಿರುತ್ತದೆ. ಬಿಸಿಲೇರಿದ ಮೇಲೆ ಅದರ ಸುಳಿವಿಲ್ಲ. ನೆಲಕ್ಕಂಟಿದ ಗಾಳಿಯ ಪದರ ಬೆಳಿಗ್ಗೆ ಕೆಲವು ನೂರು ಮೀಟರ್ ದಪ್ಪವಿದ್ದದ್ದು ಮಧ್ಯಾಹ್ನಕ್ಕೆ ಒಂದೆರಡು ಕಿಲೋಮೀಟರಿಗೆ ಉಬ್ಬುತ್ತದೆ. ಹೊಗೆಯ ಕಣ ಅದರೊಳಗೆ ಹರಡಿಹೋಗುತ್ತದೆ.

ಎಷ್ಟು ಮೇಲೇರಿತು, ಎಷ್ಟು ಕಾಡಿನ ಎಲೆಗಳ ಮೇಲೆ ಇಳಿಯಿತು? ನೆಲದ ಮೇಲಿನ ಯಂತ್ರಕ್ಕೆ ತಾನಿರುವ ಜಾಗ ಬಿಟ್ಟು ಬೇರೆ ತಿಳಿಯದು. ಅದಕ್ಕೇ ಸಂಶೋಧನಾ ವಿಮಾನ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ 2009ರಲ್ಲಿ ಶುರು ಮಾಡಿದ ಕೈಪೀಕ್ಸ್ ಪ್ರಯೋಗದಲ್ಲಿ ಮೋಡವನ್ನೂ ಕಣಗಳನ್ನೂ ವಿಮಾನದಿಂದಲೇ ಅಳೆದಿದ್ದಾರೆ.

ಆದರೆ ಕಣ ಎಣಿಸಿದ ಮಾತ್ರಕ್ಕೆ ಅದರ ಓಡಾಟ ತಿಳಿಯುವುದಿಲ್ಲ. ಗಾಳಿ ಏರುವಷ್ಟೇ ಇಳಿಯುತ್ತದೆ. ಏರುವ ಗಾಳಿಯ ಒಂದು ಘನ ಸೆಂಟಿಮೀಟರಿನಲ್ಲಿ 1,200 ಕಣ, ಇಳಿಯುವ ಗಾಳಿಯಲ್ಲಿ 1,000 ಇದೆ ಎಂದುಕೊಳ್ಳಿ: ಗಾಳಿಯ ಲೆಕ್ಕ ಸಮವಾದರೂ ಕಣ ಮೇಲಕ್ಕೆ ಸಾಗಿದೆ. ಹಾಗಾಗಿ ಗಾಳಿ ಏರಿಳಿಯುವ ವೇಗ, ಕಣದ ಎಣಿಕೆ ಎರಡನ್ನೂ ಒಂದೇ ಕ್ಷಣದಲ್ಲಿ, ಸೆಕೆಂಡಿಗೆ ಹತ್ತು ಸಲವಾದರೂ ಅಳೆಯಬೇಕು.

ಕಷ್ಟವಿರುವುದು ಇಲ್ಲೇ. ಸೆಕೆಂಡಿಗೆ 100 ಮೀಟರ್ ಓಡುವ ವಿಮಾನದ ಮೂತಿಯ ಓರೆಯನ್ನು ಅರ್ಧ ಡಿಗ್ರಿ ತಪ್ಪಾಗಿ ಓದಿದರೆ, ಇಲ್ಲದ ಏರುಗಾಳಿ ಸೆಕೆಂಡಿಗೆ ಸುಮಾರು 0.9 ಮೀಟರ್ ವೇಗದಲ್ಲಿ ಲೆಕ್ಕಕ್ಕೆ ಬಂದುಬಿಡುತ್ತದೆ. ನಿಜವಾದ ಏರುಗಾಳಿಯೇ ಎಷ್ಟೋ ಸಲ ಅಷ್ಟಿರುತ್ತದೆ! ಇನ್ನೊಂದು, ಗಾಳಿಯನ್ನು ಮೂತಿಯಲ್ಲಿ ಅಳೆಯುತ್ತೇವೆ, ಕಣಗಳು ಕೊಳವೆಯಲ್ಲಿ ಹಾದು ಎಣಿಸುವ ಯಂತ್ರಕ್ಕೆ ತಡವಾಗಿ ಬರುತ್ತವೆ. ಒಂದು ಸೆಕೆಂಡ್ ತಡವೆಂದರೆ 100 ಮೀಟರ್ ಹಿಂದಿನ ಗಾಳಿ. ಈ ಕೆಲಸಕ್ಕಿಳಿದ ಮೊದಲ ವರ್ಷ ನಾನು ಮಾಡಿದ ಒಂದು ಲೆಕ್ಕದಲ್ಲಿ ಈ ತಡವನ್ನು ಸರಿದೂಗಿಸಿರಲಿಲ್ಲ. ಮೇಲೇರುತ್ತಿದ್ದ ಹೊಗೆ ಕಾಗದದ ಮೇಲೆ ಕೆಳಗಿಳಿಯುತ್ತಿತ್ತು. ಅಂದಿನಿಂದ ಯಾರ ಗ್ರಾಫ್ ಕೈಗೆ ಬಂದರೂ ಮೊದಲು ಕೇಳುವುದು ಅದನ್ನೇ.

ಕೊಳವೆಯ ಬಾಯಿಗೆ ಗಾಳಿ ವಿಮಾನದ ವೇಗದಲ್ಲೇ ನುಗ್ಗಬೇಕು. ಎಳೆತ ನಿಧಾನವಾದರೆ ದಪ್ಪ ಕಣ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಆಗುಂಬೆಯ ಮಳೆಗಾಲದ ಮೋಡದೊಳಗೆ ಹೊಕ್ಕರಂತೂ ಹನಿಗಳು ಕೊಳವೆಯ ಅಂಚಿಗೆ ಬಡಿದು ಒಡೆದು, ಚೂರುಗಳೇ ಕಣಗಳಾಗಿ ಎಣಿಕೆಗೆ ಬರುತ್ತವೆ. ಆ ಹೊತ್ತಿನ ಅಂಕಿಗಳನ್ನು ಬಿಟ್ಟುಬಿಡುತ್ತೇನೆ, ಎಷ್ಟೇ ಹೊಟ್ಟೆ ಉರಿದರೂ.

ಬಯಲುಸೀಮೆಯಲ್ಲಿ ಉದ್ದಕ್ಕೆ ಹಾರಿ ಸರಾಸರಿ ತೆಗೆಯಬಹುದು. ಮಲೆನಾಡಿನಲ್ಲಿ ಅದು ನಡೆಯದು. ಹಗಲಲ್ಲಿ ಕಣಿವೆಯ ಗಾಳಿ ಇಳಿಜಾರು ಹಿಡಿದು ಗುಡ್ಡ ಹತ್ತುತ್ತದೆ, ಜೊತೆಗೆ ಹೊಗೆಯೂ. ತೋಟದ ಮೇಲಿನ ಅಂಕಿಯನ್ನೂ ನೆತ್ತಿಯ ಕಾಡಿನ ಅಂಕಿಯನ್ನೂ ಕೂಡಿಸಿ ಭಾಗಿಸಿದರೆ ಎರಡೂ ಸುಳ್ಳಾಗುತ್ತವೆ. ಬೇರೆ ಬೇರೆ ಎತ್ತರದಲ್ಲಿ ಹಾರಿ, ಕಣಿವೆ ಬೇರೆ, ಗುಡ್ಡ ಬೇರೆ ಎಂದೇ ಓದಬೇಕು.